ಉಡೀ ಹೊಲದಲ್ಲಿ ಸಿಕ್ಕ ಹುಡೇವು

ನನ್ನ ಕತೆಗಾರ ಕಾಕಾ,

ಎಲ್ಲಿದ್ದರೂ ಸ್ವಲ್ಪ ಈ ಕಡೆ ಕಿವಿ ಕೊಡು. ನಿನ್ನ ಉಡೀ ಹೊಲದಲ್ಲಿ ಕೋಟೆಯ ತುಂಡೊಂದು ಸಿಕ್ಕಿದೆ!

ಅಕ್ಕಲಕೋಟ ಬಸ್ಸಿನಲ್ಲಿ ನನ್ನನ್ನು ಕಿಟಕಿ ಪಕ್ಕ ಕೂರಿಸಿ ನಮ್ಮೂರ ಕೋಟೆ ತೋರಿಸುತ್ತಿದ್ದೆಯಲ್ಲ, ನೆನಪಿದೆಯೇ? "ಇದು ಗಡಿ ಕ್ವಾಟಿ, ತಮ್ಮಾ. ಈ ಕಡಿ ಬಿಜಾಪುರದ ಸುಲ್ತಾನ, ಆ ಕಡಿ ಅಹಮದನಗರದವ. ಮಲಗೂದು ಒಬ್ಬನ ರಾಜ್ಯದಾಗ, ಏಳೂದು ಇನ್ನೊಬ್ಬನ ರಾಜ್ಯದಾಗ!" ಆಮೇಲೆ ಬರುತ್ತಿತ್ತು ಬಿಳಿ ಕುದುರೆ. ವೈರಿಗಳು ಮುತ್ತಿದಾಗ ಅದು ಸವಾರನನ್ನು ಹೊತ್ತು ಕೋಟೆಯಿಂದ ನಮ್ಮ ಹೊಲಕ್ಕೇ ಜಿಗಿಯಿತು. ಮರಾಠಿಯಲ್ಲಿ ಜಿಗಿತಕ್ಕೆ ಉಡೀ ಎನ್ನುತ್ತಾರೆ, ಅದಕ್ಕೇ ಇದು ಉಡೀ ಹೊಲ. ಅಷ್ಟು ದೂರ ಯಾವ ಕುದುರೆ ಹಾರೀತು ಎಂದು ಯಾರಾದರೂ ನಕ್ಕರೆ, "ಹಾರೂ ಕುದುರಿ ನೀ ನೋಡಿಯೇನು?" ಎಂದು ಬಾಯಿ ಮುಚ್ಚಿಸುತ್ತಿದ್ದೆ.

ಮೊನ್ನೆ ನಿನ್ನ ಮಗಳು ಮಹಾದೇವಿ ನೀರಿನ ಪೈಪಿಗಾಗಿ ಹೊಲ ಅಗೆಸಿದಳು. ಜೆಸಿಬಿಯ ಹಲ್ಲಿಗೆ ಕಲ್ಲು ತಾಗಿತು. ಮಣ್ಣು ಸರಿಸಿದರೆ ದುಂಡನೆಯ ಅಡಿಪಾಯ! ಪಕ್ಕದ ಹೊಲದ ಗುರುಬಾಯಿ ಆಯಿ ಬಗ್ಗಿ ನೋಡಿ, "ಹುಡೇವು ಅಲ್ಲೇನೋ ಇದು! ನಮ್ಮತ್ತಿ ಈ ಹೊಲಕ್ಕ ಹುಡೇದ ಹೊಲ ಅಂತಿದ್ಲು" ಎಂದಳು. ಹುಡೇವು, ಅಂದರೆ ಕಾವಲಿನ ಬುರುಜು. ಆಗ ನನಗೆ ಹೊಳೆಯಿತು: ನಮ್ಮ ಹುಡೇ ಮರಾಠಿ ಬಾಯಲ್ಲಿ ಉಡೀ ಆಗಿ, ಆ ಉಡೀಗೊಂದು ಕುದುರೆ ಹುಟ್ಟಿ...

"ಅಂದ್ರ ಅಪ್ಪನ ಕುದುರಿ ಸುಳ್ಳಾತು ಬಿಡು" ಎಂದು ಮಹಾದೇವಿ ನಕ್ಕಳು. ನನಗೆ ನಗು ಬರಲಿಲ್ಲ. ಭಾನುವಾರ ಸೊಲ್ಲಾಪುರದ ಶಾಲೆಯ ಮಕ್ಕಳು ಕೋಟೆ ನೋಡಲು ಬರುವವರಿದ್ದರು, ಕತೆ ಹೇಳುವವನು ನಾನು. ಕುದುರೆಯನ್ನು ಹೇಳಲೋ, ಬಿಡಲೋ? ನೀನಿಲ್ಲದ ಮೇಲೆ ನಾನೂ ಬಿಟ್ಟರೆ ಅದು ಇನ್ನಾರ ಬಾಯಲ್ಲಿ ಉಳಿದೀತು?

ಭಾನುವಾರ ಮಕ್ಕಳನ್ನು ಆ ಕಲ್ಲುಗಳ ಸುತ್ತ ಕೂರಿಸಿ, ಗಡಿ, ಬುರುಜು, ತಿರುಚಿಕೊಂಡ ಹೆಸರು ಎಲ್ಲ ಹೇಳಿದೆ. ಕುದುರೆಯ ಮಾತೆತ್ತಲು ಧೈರ್ಯ ಸಾಲಲಿಲ್ಲ. ಏಳುವಷ್ಟರಲ್ಲಿ ಹಿಂದಿನಿಂದ ಮಹಾದೇವಿಯ ದನಿ: "ಏ ಅಣ್ಣಾ, ಕುದುರಿ ಎಲ್ಲಿ ಬಿಟ್ಟಿ? ಇಲ್ಲೇ ಹುಡೇವು ಇದ್ದ ಮ್ಯಾಲ ಅದು ಕ್ವಾಟಿಯಿಂದ ಯಾಕ ಹಾರ್ತೈತಿ? ಇದರ ಮ್ಯಾಲಿಂದನ ಹಾರೇತಿ! ಸರಿ ಅತ್ತಾಗ, ನಾ ಹೇಳ್ತೀನಿ."

ಹೇಳಿಯೇಬಿಟ್ಟಳು, ಕಾಕಾ! ಸೀರೆಯ ಸೆರಗು ಬಿಗಿದು, ಕೈಯಲ್ಲಿ ಲಗಾಮು ಹಿಡಿದವಳ ಹಾಗೆ. ಮಕ್ಕಳ ಜೊತೆ ನಾನೂ ಬಾಯಿ ತೆರೆದು ಕೂತೆ. ಪೈಪು ಈಗ ಬುರುಜನ್ನು ಸುತ್ತಿ ಹೋಗುತ್ತದೆ. ಇನ್ನೊಂದು ಸುದ್ದಿ, ಸಿಟ್ಟಾಗಬೇಡ: ನಿನ್ನ ಮಗಳ ಕತೆಯಲ್ಲಿ ಆ ಕುದುರೆಯ ಮೇಲಿದ್ದವಳು ಹೆಂಗಸು.