ಒಂದೂವರೆ ಮೊಳದ ಚಷ್ಮಾ

ಜುಲೈ 6, ಭಾನುವಾರ

ಯೂರಿಯಾ ಲಾರಿ ಇವತ್ತೂ ಬರಲಿಲ್ಲ. ಬೆಳಗಿನಿಂದ ಅಂಗಡಿ ಮುಂದೆ ರೈತರ ಪಾಳಿ. ಎಲ್ಲರಿಗೂ ಒಂದೇ ಉತ್ತರ — ನಾಳೆ. ಕೂಗಿ ಕೂಗಿ ಗಂಟಲು ಹರಿಯಿತು. ಮೊರಬದಲ್ಲಿ ಗೊಬ್ಬರದ ಅಂಗಡಿ ನಡೆಸುವ ಹೆಂಗಸು ನಾನೊಬ್ಬಳೇ, ಕೂಗದಿದ್ದರೆ ನಡೆಯುವುದಿಲ್ಲ.

ಆದರೆ ಬರೆಯಬೇಕಾದ ಸುದ್ದಿ ಬೇರೆ. ಸಂಜೆ ನಮ್ಮ ಓಣಿಯ ಮಠದ ಸ್ವಾಮಿಗಳು, ಅಜ್ಜಾರು, ಹೇಳಿ ಕಳಿಸಿದರು. ಹೋದೆ. ಈ ಶ್ರಾವಣದಲ್ಲಿ ಪುರಾಣ ಓದುವುದು ನಾನಂತೆ! ಪದ್ಯ ಓದುವುದು ನಾನು, ಅರ್ಥ ಹೇಳುವುದು ಅವರು. ಇಷ್ಟು ವರ್ಷ ಓದುತ್ತಿದ್ದ, ಓಣಿಯ ಸೊಸೆಯರೆಲ್ಲ ಮಾವ ಎಂದು ಕರೆಯುವ ಮಡಿವಾಳೆಪ್ಪ ಮಾವನವರು ಈ ಸಲ ಕೆಮ್ಮು ಎಂದು ಹಿಂದೆ ಸರಿದರಂತೆ. ಪುರಾಣವೂ ಹೊಸದು. ಪ್ರತಿ ವರ್ಷ ಅದನ್ನೇ ಎಷ್ಟು ಕೇಳುವುದು ಎಂದು ಅಜ್ಜಾರು ಬೇರೆ ಪುಸ್ತಕ ತರಿಸಿದ್ದಾರೆ.

“ನಿನ್ನ ದನಿ ಬಸ್ ಸ್ಟ್ಯಾಂಡ್ ತನಕ ಕೇಳ್ತೈತೆಲ್ಲ ಶಾಂಭವಿ. ಮೈಕ ಕೆಟ್ಟರೂ ಚಿಂತಿಲ್ಲ,” ಎಂದು ನಕ್ಕರು.

ನಮ್ಮ ಮಠದಲ್ಲಿ ಪುರಾಣದ ಪೀಠದ ಮುಂದೆ ಇದುವರೆಗೆ ಹೆಂಗಸು ಕೂತಿಲ್ಲ. ಹೆಂಗಸರದು ಹಿಂದೆ, ಕಂಬಗಳ ಆಚೆ. ಪ್ರಸಾದದ ಹುಗ್ಗಿ ತಿರುವುತ್ತ ಅರ್ಧ ಕೇಳಿಸಿಕೊಳ್ಳುವುದು, ಅರ್ಧ ಬಿಡುವುದು. ಮದುವೆಯಾಗಿ ಬಂದಾಗಿನಿಂದ ಹಾಗೇ ಕೇಳಿದ್ದೇನೆ. ಓದಬೇಕೆಂಬ ಆಸೆ ನನಗೆ ಎಷ್ಟಿತ್ತು ಎಂದು ಇವತ್ತು ಗೊತ್ತಾಯಿತು. ಮನೆಗೆ ಬರುವಾಗ ಕಾಲು ನೆಲದ ಮೇಲಿರಲಿಲ್ಲ.

ಅತ್ತೆ ರೇವವ್ವನವರಿಗೆ ಹೇಳಿದೆ. ಸಂತೋಷವೇನೂ ಕಾಣಲಿಲ್ಲ. “ತಪ್ಪ ಓದಿದ್ರ ಮಂದಿ ನಿನ್ನ ಮಾರಿ ನೋಡೂದಿಲ್ಲ, ನನ್ನ ಮಾರಿ ನೋಡ್ತಾರ,” ಎಂದರು.

ಅವರ ಮುಖ ಯಾರೂ ನೋಡಬೇಕಿಲ್ಲ, ತಪ್ಪು ಓದುವುದಿಲ್ಲ. ಮುಗೀತು.

ಜುಲೈ 8, ಮಂಗಳವಾರ

ಯಜಮಾನರು ಪ್ರಭು ನನ್ನ ಚಷ್ಮಾದ ಮೇಲೆ ಕೂತರು. ಎರಡು ತುಂಡು.

“ಕುರ್ಚಿ ಮ್ಯಾಲೆ ಯಾರರ ಚಷ್ಮಾ ಇಡ್ತಾರೇನು?” — ತಪ್ಪು ನನ್ನದೇ ಎನ್ನುವ ಹಾಗೆ.

“ಕುಂದರೂ ಮುಂದ ಯಾರರ ನೋಡ್ತಾರೇನು ಅಂತ ನಾನೂ ಕೇಳಬಹುದಲ್ರಿ?” ಎಂದೆ. ಪ್ರಭು ಹೊಲದ ಕಡೆ ನಡೆದುಬಿಟ್ಟರು.

ಹಳೆಯದು ಹೇಗೂ ಸಾಲುತ್ತಿರಲಿಲ್ಲ. ಮೇ ತಿಂಗಳಲ್ಲಿ ಊರಿನಲ್ಲಿ ಕಣ್ಣಿನ ಕ್ಯಾಂಪ್ ಆಗಿತ್ತು. ನವಲಗುಂದದ ಸರ್ಫರಾಜ್ ತಪಾಸಣೆ ಮಾಡಿ ಹೊಸ ನಂಬರ್ ಬರೆದುಕೊಟ್ಟಿದ್ದ. ಕಣ್ಣಿನ ತಪಾಸಣೆಯನ್ನೇ ಓದಿದ ಹುಡುಗ, ಅಲ್ಲೇ ಸ್ವಂತ ಅಂಗಡಿ. ಫೋನ್ ಹಚ್ಚಿ ದರ ಕೇಳಿದೆ. ಮೊಬೈಲಿನಲ್ಲಿ ಅದರ ಅರ್ಧಕ್ಕೂ ಕಡಿಮೆ, ಮೇಲೆ ಡಬ್ಬಿ ಫ್ರೀ, ಮನೆ ಬಾಗಿಲಿಗೆ ಡೆಲಿವರಿ.

“ಅಕ್ಕಾರ, ಆನ್‌ಲೈನ್ ತರಸಬ್ಯಾಡ್ರಿ. ಒಮ್ಮೆ ಅಂಗಡಿಗಿ ಬರ್ರಿ, ಕುಂತು ನೋಡೂಣು.”

“ನಂಬರ್ ನೀನ ಬರದೀಯಲ್ಲೋ ತಮ್ಮಾ. ನೀ ಬರದದ್ದರ ಮ್ಯಾಲೆ ನಿನಗ ಭರೋಸಾ ಇಲ್ಲೇನು?”

ಪಾಪ, ಫೋನ್ ಇಟ್ಟ. ನಾನು ಅಂದದ್ದರಲ್ಲಿ ತಪ್ಪೇನಿದೆ? ಹತ್ತು-ಇಪ್ಪತ್ತಾರು-ಇಪ್ಪತ್ತಾರು ಎಂದು ಚೀಲದ ಮೇಲೆ ಬರೆದಿದ್ದರೆ ಯಾವ ಅಂಗಡಿಯಲ್ಲಿ ಕೊಂಡರೂ ಅದೇ ಗೊಬ್ಬರ. ಚಷ್ಮಾದ ನಂಬರೂ ಹಾಗೇ. ಚೀಟಿ ನೋಡಿ ಒಂದೊಂದೇ ತುಂಬಿದೆ. ಮೊಬೈಲಿನಲ್ಲಿ ನನ್ನ ಮುಖಕ್ಕೇ ಫ್ರೇಮ್ ಹಾಕಿ ತೋರಿಸುತ್ತದೆ, ಒಂದಾದ ಮೇಲೊಂದು! ಮಜಾ ಬಂತು. ಕಂದು ಬಣ್ಣದ್ದು ಆರಿಸಿದೆ. ಅಗದಿ ಹೆಡ್‌ಮಾಸ್ತರಿಣಿ ಹಾಗೆ ಕಾಣುತ್ತೇನೆ.

ಜುಲೈ 16, ಬುಧವಾರ

ಬಂತು!

ಪೇಪರ್ ಓದಿದೆ — ಮರಣದ ಜಾಹೀರಾತಿನ ತನಕ. ಕೀಟನಾಶಕದ ಬಾಟ್ಲಿ ಮೇಲಿನ ಇರುವೆಯಷ್ಟು ಅಕ್ಷರ ಓದಿದೆ. ಅತ್ತೆಯ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿಕೊಟ್ಟೆ. ಮನೆಯಲ್ಲಿದ್ದ ಹಳೆಯ ಪುಸ್ತಕ ಹಿಡಿದು ಹಿತ್ತಲಲ್ಲಿ ಗಟ್ಟಿಯಾಗಿ ಓದಿದೆ. ಒಂದು ಅಕ್ಷರ ತಪ್ಪಲಿಲ್ಲ. ಪಕ್ಕದ ಮನೆಯವರು ಗೋಡೆ ಮೇಲಿಂದ ಇಣುಕಿದರು.

ಚಷ್ಮಾ ಹಾಕಿಕೊಂಡ ಫೋಟೋ ಸರ್ಫರಾಜ್‌ಗೆ ವಾಟ್ಸಾಪ್ ಮಾಡಿದೆ. ಹೆಬ್ಬೆರಳು ಕಳಿಸಿದ, ಅಷ್ಟೇ. ಹೊಟ್ಟೆ ಉರಿದಿರಬೇಕು.

ಜುಲೈ 25, ಶುಕ್ರವಾರ

ಹೇಗೆ ಬರೆಯಲಿ…

ಮೊದಲ ದಿನ. ಮಠ ತುಂಬಿತ್ತು. ನಮ್ಮ ಮಠದ ಪೀಠ ಕಲ್ಲಿನದು, ಗಿಡ್ಡ, ಗದ್ದುಗೆಯ ಮುಂದೆ ನೆಲದಲ್ಲಿ ಹೂತದ್ದು. ಅದರ ಮೇಲೆ ಪೂಜೆ ಮಾಡಿ ಪುಸ್ತಕ ಇಟ್ಟರೆ ಮುಗಿಯಿತು. ಶ್ರಾವಣದ ಕೊನೆಗೆ ಮಂಗಲ ಆಗುವ ತನಕ ಅದನ್ನು ಯಾರೂ ಎತ್ತುವುದಿಲ್ಲ. ಕೂತಲ್ಲೇ ಹಾಳೆ ತಿರುಗಿಸಿ ಓದಬೇಕು. ನಾನು ನೋಡುತ್ತ ಬಂದದ್ದು ಹಾಗೇ.

ಮಣೆಯ ಮೇಲೆ ಕೂತೆ. ಚಷ್ಮಾ ಹಾಕಿದೆ. ಪುಸ್ತಕ ನೋಡಿದೆ. ಅಕ್ಷರಗಳೆಲ್ಲ ಹುಗ್ಗಿಯ ಹಾಗೆ ಕಲಸಿಕೊಂಡಿದ್ದವು.

ಒರೆಸಿ ಹಾಕಿದೆ. ಅದೇ ಹುಗ್ಗಿ. ಮುಂದೆ ಸರಿಯೋಣವೆಂದರೆ ಮೊಣಕಾಲು ಕಲ್ಲಿಗೆ ಬಡಿಯುತ್ತದೆ. ಅಜ್ಜಾರು ಕಾಯುತ್ತಿದ್ದಾರೆ. ಬಗ್ಗಿದೆ. ಇನ್ನೂ ಬಗ್ಗಿದೆ, ಆಗ ಕಂಡಿತು. ಆದರೆ ಮೈಕ್ ತಲೆಯ ಮೇಲೆ ಉಳಿಯಿತು. ಎದೆ ಮಡಚಿ ದನಿ ಪುಸ್ತಕದೊಳಕ್ಕೇ ಹೋಗುತ್ತಿತ್ತು. ಒಂದು ಸಾಲು ಬಿಟ್ಟೇಬಿಟ್ಟೆ. ಅಜ್ಜಾರು ತಾವೇ ತುಂಬಿಕೊಂಡು ಅರ್ಥ ಹೇಳಿದರು.

ಕೇಳಿಸ್ತಾ ಎಂದು ಹೆಂಗಸರನ್ನು ಕೇಳಿದೆ. “ಏನೋ ಗುಣುಗುಣು ಅಂದಿವಾ,” ಎಂದರು. ನನ್ನ ದನಿಗೆ ಗುಣುಗುಣು!

ಜುಲೈ 26, ಶನಿವಾರ

ಅದೇ ಪಾಡು. ಕುತ್ತಿಗೆ ಹಿಡಿದುಕೊಂಡಿದೆ.

ಪ್ರಸಾದದ ಹೊತ್ತಿಗೆ ಮಡಿವಾಳೆಪ್ಪ ಮಾವನವರು ಎಲ್ಲರಿಗೂ ಕೇಳುವಂತೆ: “ಬಗ್ಗಿ ಬಗ್ಗಿ ಏನ ಹುಡುಕಾಕತ್ತೀಯವಾ? ಸೋಮವಾರ ಮಂದಿ ಭಾಳ ಬರ್ತಾರ. ಆಗೂದಿಲ್ಲ ಅಂದ್ರ ಹೇಳಿಬಿಡು, ಬ್ಯಾರೆ ಗಂಡಸರನ್ನ ಕೂಡಸೂಣು.”

ಕೆಮ್ಮು ಎಲ್ಲಿ ಹೋಗಿತ್ತೋ, ಒಮ್ಮೆಯೂ ಕೆಮ್ಮಲಿಲ್ಲ. ಅಜ್ಜಾರು ಮಾತ್ರ “ಸೋಮವಾರ ನೋಡೂಣು” ಎಂದರು. ಅಂದರೆ ಸೋಮವಾರ ನನ್ನ ಪರೀಕ್ಷೆ. ಅವತ್ತು ಎಡವಿದರೆ ನನ್ನನ್ನಷ್ಟೇ ಎಬ್ಬಿಸುವುದಿಲ್ಲ, ಮುಂದೆ ಯಾವ ಹೆಂಗಸನ್ನೂ ಆ ಮಣೆಗೆ ಕರೆಯುವುದಿಲ್ಲ.

ಅಡಿಗೆಮನೆಯಲ್ಲಿ ಒಬ್ಬಳೇ ಕೂತು ಅತ್ತುಬಿಟ್ಟೆ. ಸಿಟ್ಟಿಗೆ ಬಂದ ಅಳು ಅದು.

ಜುಲೈ 27, ಭಾನುವಾರ

ಬೆಳಗ್ಗೆ ಕಂಪನಿಗೆ ಫೋನ್ ಹಚ್ಚಿ ಬೈಯಬೇಕೆಂದು ಕೂತೆ. ಇವರು ಪೇಪರ್ ಚಾಚಿದರು: “ಮೊದಲ ಇದನ್ನ ಓದು. ಕಾಣತೈತೋ ಇಲ್ಲೋ?”

ಕಂಡಿತು. ಚೆಂದ ಕಂಡಿತು. ಸಿಟ್ಟಿನಿಂದ ಪೇಪರ್ ನೆಲಕ್ಕೆ ಒಗೆದೆ. ಕೂತಲ್ಲಿಂದ ನೋಡಿದರೆ — ಹುಗ್ಗಿ! ಎತ್ತಿದೆ, ಅಕ್ಷರ. ಇಟ್ಟೆ, ಹುಗ್ಗಿ.

ಅಯ್ಯ ನನ್ನ ಶಾಣ್ಯಾತನಕ್ಕೆ! ಚಷ್ಮಾದಲ್ಲಿ ದೋಷವೇ ಇಲ್ಲ. ಅದು ಕೈಯಲ್ಲಿ ಹಿಡಿದು ಓದುವ ಚಷ್ಮಾ. ಮೊಳ ಹಾಕಿ ನೋಡಿದೆ. ಕೈಯಲ್ಲಿ ಹಿಡಿದರೆ ಕಣ್ಣಿನಿಂದ ಮುಕ್ಕಾಲು ಮೊಳ. ಮಠಕ್ಕೆ ಹೋಗಿ ಮಣೆಯ ಮೇಲೆ ಕೂತು, ಕಣ್ಣಿನಿಂದ ಕಲ್ಲುಪೀಠದ ತನಕ ಮೊಳ ಹಾಕಿ ಬಂದೆ — ಒಂದೂವರೆ. ಕಸ ಹೊಡೆಯುತ್ತಿದ್ದವಳು ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಬೆಳೆ ಯಾವುದು, ಎಷ್ಟು ದಿನದ್ದು ಎಂದು ಕೇಳದೆ ನಾನು ಯಾರಿಗೂ ಒಂದು ಚೀಲ ಕೊಡುವುದಿಲ್ಲ. ನನ್ನ ಕಣ್ಣಿಗೆ ಮಾತ್ರ ಏನೂ ಕೇಳದವರ ಹತ್ತಿರ ತರಿಸಿದೆ. ಸಂಜೆ ಮತ್ತೆ ಬಗ್ಗಿಯೇ ಓದಿ ಮುಗಿಸಿದೆ. ನಾಳೆ ಮೊದಲ ಬಸ್ಸಿಗೆ ನವಲಗುಂದ.

ಜುಲೈ 28, ಸೋಮವಾರ

ಮಧ್ಯಾಹ್ನ.

ಸರ್ಫರಾಜ್‌ನ ಅಂಗಡಿಯಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಮುಂದೆ ಅವನ ಚಷ್ಮಾದ ಡಬ್ಬಿಗಳನ್ನು ಪೀಠದಷ್ಟು ಎತ್ತರಕ್ಕೆ ಒಟ್ಟಿಸಿ, ಮೇಲೆ ಮನೆಯಿಂದ ಒಯ್ದ ಹಳೆಯ ಪುಸ್ತಕ ಇಡಿಸಿದೆ. ಗಿರಾಕಿಗಳು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ನೋಡಲಿ.

“ಪೆಟ್ಟಿಗಿಯೊಳಗ ಬಂದ ಚಷ್ಮಾ ನೀವು ಹ್ಯಾಂಗ ಕುಂದರ್ತೀರಿ ಅಂತ ಕೇಳ್ತೈತೇನ್ರಿ ಅಕ್ಕಾರ?” ಎಂದ. ಬಹಳ ಖುಷಿ ಅವನಿಗೆ.

“ಕ್ಯಾಂಪಿನ್ಯಾಗ ನೀ ಕೇಳಿದ್ದೇನೋ?”

ಖುಷಿ ಇಳಿಯಿತು. “ಇಲ್ರಿ. ಕ್ಯಾಂಪಿನ್ಯಾಗ ಮಂದಿ ಭಾಳ ಇದ್ರು. ಎಲ್ಲಾರೂ ಕೈಯಾಗ ಹಿಡದ ಓದ್ತಾರ ಅಂತ ತಿಳದೆ. ತಪ್ಪಾತು.” ಒಳ್ಳೆಯ ಹುಡುಗ. ಇಷ್ಟು ನೇರವಾಗಿ ತಪ್ಪಾತು ಅನ್ನುವವರು ಎಷ್ಟು ಮಂದಿ ಇದ್ದಾರೆ?

ಅವನೂ ನೆಲಕ್ಕೆ ಕೂತು, ಒಂದೊಂದೇ ಗಾಜು ಹಾಕಿ ತೆಗೆದು, ಟೇಪ್ ಹಿಡಿದು ಅಳೆದ. ಒಂದು ಗಾಜಿಗೆ ಪುಸ್ತಕ ಇದ್ದಲ್ಲೇ ಬೆಳಗಿತು! ನಂಬರ್ ಕಡಿಮೆಯದು ಬೇಕಿತ್ತು, ಅಷ್ಟೇ. ಆದರೆ ನನ್ನ ಕಣ್ಣಿಗೆ ಸಿಲಿಂಡರ್ ಎಂಬ ಓರೆ ನಂಬರೂ ಇದೆಯಂತೆ, ಅಂಥ ಗಾಜು ಹುಬ್ಬಳ್ಳಿಯಿಂದ ಬರಬೇಕು. ಬುಧವಾರ ಸಿಗುತ್ತದೆ.

ಪುರಾಣ ಇವತ್ತು.

ರಾತ್ರಿ.

ಹೊತ್ತು ಬಹಳ ಆಗಿದೆ. ಆದರೂ ಬರೆಯುತ್ತೇನೆ.

ಜನ ಅಂಗಳದ ತನಕ. ಮಣೆಯ ಮೇಲೆ ಕೂತೆ. ಅದೇ ಕಂದು ಚಷ್ಮಾ, ಅದೇ ಹುಗ್ಗಿ. ಬಗ್ಗಲು ಹೊರಟವಳು ಅರ್ಧಕ್ಕೇ ತಡೆದೆ. ಇನ್ನೊಮ್ಮೆ ಬಗ್ಗಿದರೆ ಜನ್ಮವಿಡೀ ಬಗ್ಗಿಯೇ ಇರಬೇಕಾಗುತ್ತದೆ ಅನಿಸಿತು. ಪುಸ್ತಕಕ್ಕೆ ಕೈಮುಗಿದೆ. ಎರಡೂ ಕೈಯಿಂದ ಎತ್ತಿ ಹಿಡಿದೆ.

“ಏ! ಎತ್ತಬ್ಯಾಡ! ಇಡ ಕೆಳಗ!” ಮಡಿವಾಳೆಪ್ಪ ಮಾವನವರು ಎದ್ದೇ ನಿಂತರು. ಗಂಡಸರ ಕಡೆ ಗಲಾಟೆ.

ಆಗ ಕಂಬಗಳ ಆಚೆಯಿಂದ ನಮ್ಮ ಅತ್ತೆಯ ದನಿ: “ಎತ್ಯಾಳ, ಒಗದಿಲ್ಲ! ಕುಂದರ್ರಿ ಮಡಿವಾಳೆಪ್ಪಾರ. ನೀ ಓದವಾ, ಅಂಜಬ್ಯಾಡ!”

ರೇವವ್ವ! ನನ್ನ ಅತ್ತೆ!

ಅಜ್ಜಾರ ಕಡೆ ನೋಡಿದೆ. ಕಣ್ಣು ಮುಚ್ಚಿಕೊಂಡು “ಹೂಂ” ಎಂದರು. ಓದಿದೆ. ಮುಖ ಮೇಲಿತ್ತು, ಎದೆ ತೆರೆದಿತ್ತು, ಒಂದೊಂದು ಅಕ್ಷರವೂ ನೆಟ್ಟಗೆ ನಿಂತಿತ್ತು. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಸಂಧಿ ಮುಗಿಯುವ ತನಕ ಯಾರೂ ಅಲುಗಲಿಲ್ಲ.

ಆಮೇಲೆ ಅಜ್ಜಾರು ಹೇಳಿದ್ದು: “ಎತ್ತಬಾರದು ಅಂತ ನಮ್ಮ ಗುರುಗಳು ಹೇಳಿದ್ದು ನಾ ಕೇಳಿಲ್ಲ. ಹಂಗ ರೂಢಿ ಬಿದ್ದೈತಿ. ಇಟ್ಟ ಓದು, ಎತ್ತಿ ಓದು, ನಿನಗ ಬಿಟ್ಟದ್ದು.”

ಜುಲೈ 29, ಮಂಗಳವಾರ. ಪಂಚಮಿ

ಹಬ್ಬಕ್ಕೆ ಎಳ್ಳಿನ ಉಂಡಿ ಕಟ್ಟುತ್ತಿದ್ದೆ. ಮಡಿವಾಳೆಪ್ಪ ಮಾವನವರು ಬಂದರು. ಜಗಳಕ್ಕೇ ಎಂದು ಸೀರೆ ಬಿಗಿದು ಎದ್ದೆ. ಅವರು ಆಚೆ ಈಚೆ ನೋಡಿ, ದನಿ ಇಳಿಸಿ: “ಶಾಂಭವಿ… ಆ ಆನ್‌ಲೈನ್ ಚಷ್ಮಾ ನನಗೂ ಒಂದ ತರಿಸಿ ಕೊಡ್ತೀಯೇನವಾ? ಊರಾಗ ಯಾರಿಗೂ ಗೊತ್ತಾಗಬಾರದು.”

ಕೂಡಿಸಿ ಉಂಡಿ ಕೊಟ್ಟೆ. ಮೆಲ್ಲಗೆ ಎಲ್ಲ ಹೊರಬಂತು. ನಾಲ್ಕೈದು ವರ್ಷದಿಂದ ಅವರಿಗೆ ಅಕ್ಷರ ಕಾಣುತ್ತಲೇ ಇಲ್ಲ. ಹಳೆಯ ಪುರಾಣ ಬಾಯಿಪಾಠ, ಹಾಳೆ ತಿರುವುತ್ತ ಹೇಳುತ್ತಿದ್ದರು. ಈ ವರ್ಷ ಪುಸ್ತಕ ಬದಲಾಯಿತು. ಅದಕ್ಕೇ ಕೆಮ್ಮು.

“ಕಣ್ಣ ಕಾಣವಲ್ದು ಅಂದ್ರ ಮೂಲ್ಯಾಗ ಕೂಡಸ್ತಾರವಾ,” ಎಂದರು. ಶನಿವಾರದ ಸಿಟ್ಟೆಲ್ಲ ನನ್ನಲ್ಲಿ ಇತ್ತು. ಆದರೂ ಆ ಮುಖ ನೋಡಿ ಬೈಯಲು ಬಾಯಿ ಬರಲಿಲ್ಲ.

“ಯಾವ ನಂಬರ್ ಅಂತ ತರಸಲ್ರಿ ಮಾವಾರ? ಮೊದಲ ಕಣ್ಣ ತೋರಸಬೇಕು. ಪೆಟ್ಟಿಗಿ ನಿಮ್ಮ ಕಣ್ಣಾಗ ಏನ ಆಗೇತಿ ಅಂತ ನೋಡೂದಿಲ್ಲ. ನಾಳೆ ನನ್ನ ಜೋಡಿ ನವಲಗುಂದಕ್ಕ ಬರ್ರಿ. ಮಂದಿ ಕೇಳಿದ್ರ ಗೊಬ್ಬರ ತರಾಕ ಹೊಂಟೀವಿ ಅಂತ ಹೇಳೂಣು.”

ಜುಲೈ 30, ಬುಧವಾರ

ಸರ್ಫರಾಜ್ ದೀಪ ಹಿಡಿದು ನೋಡಿದ. ಎರಡೂ ಕಣ್ಣಿಗೆ ಪೊರೆ. ಚಷ್ಮಾದಿಂದ ಆಗುವ ಕೆಲಸವಲ್ಲ, ಹುಬ್ಬಳ್ಳಿಗೆ ಹೋಗಿ ತೆಗೆಸಬೇಕು, ತೆಗೆಸಿದರೆ ಚೆನ್ನಾಗಿ ಕಾಣುತ್ತದೆ ಎಂದ. ತನ್ನ ವ್ಯಾಪಾರ ಬಿಟ್ಟು ದವಾಖಾನೆಯ ಚೀಟಿ ಬರೆದುಕೊಟ್ಟ.

ಬಸ್ಸಿನಲ್ಲಿ ಮಾವನವರು ಚೀಟಿ ಮಡಚಿ ಕಿಸೆಗೆ ಹಾಕಿ, “ಬರೂ ಶ್ರಾವಣಕ್ಕ ನನಗ ಕಾಣತೈತಿ” ಎಂದರು. ಏನು ಕೇಳುತ್ತಿದ್ದಾರೆ ಎಂದು ಗೊತ್ತಾಗದಷ್ಟು ದಡ್ಡಿ ನಾನಲ್ಲ.

“ಕಾಣಲ್ರಿ ಮಾವಾರ. ಮುಂದಿನ ಸಾಲಿನ್ಯಾಗ ಕುಂತು ಕೇಳ್ರಿ. ಓದಾಕ ನಾ ಇರ್ತೀನಿ.”

ನಕ್ಕರು! ಇಷ್ಟು ವರ್ಷದಲ್ಲಿ ಆ ಮನುಷ್ಯ ನಕ್ಕದ್ದು ಇವತ್ತೇ ನೋಡಿದೆ.

ಹೊಸ ಚಷ್ಮಾ ತಂದಿದ್ದೇನೆ. ಪೀಠಕ್ಕೆ ಅಳೆದು ಮಾಡಿದ್ದು. ಮಣೆ ಹಾಕಿ ಕೂತು ನೋಡಿದೆ, ಪುಸ್ತಕ ಎತ್ತುವ ಅಗತ್ಯವೇ ಇಲ್ಲ. ರೂಢಿಯೂ ಉಳಿಯುತ್ತದೆ, ಯಾರೂ ಏನೂ ಅನ್ನುವಂತಿಲ್ಲ. ಅದನ್ನು ಹಾಕಿಕೊಂಡೇ ಮಠಕ್ಕೆ ಹೊರಟಿದ್ದೆ. ಅತ್ತೆ ಬಾಗಿಲಲ್ಲಿ ತಡೆದರು.

“ಇಂದ ಎತ್ತೂದಿಲ್ಲೇನು?”

“ಈಗ ಇಟ್ಟರೂ ಕಾಣತೈತ್ರಿ ಅತ್ತಿ.”

“ನಿನಗ ಕಾಣತೈತಿ. ನಮಗ?” ಎಂದರು. “ಇಷ್ಟ ವರ್ಷ ಕಂಬದ ಹಿಂದ ಕುಂತು ಓದಾವ್ರ ನೆತ್ತಿ ನೋಡೀವಿ. ಮೊನ್ನೆ ನೀ ಪುಸ್ತಕ ಎತ್ತಿದಿ, ನಿನ್ನ ಮಾರಿ ಕಂಡಿತು ನಮಗ.”

ಹೊಸದನ್ನು ತೆಗೆದು ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿಟ್ಟೆ. ತೂಕದ ಕಾಟಾ ಅದರಲ್ಲಿ ಚೆಂದ ಕಾಣುತ್ತದೆ, ದುಡ್ಡೇನೂ ದಂಡವಲ್ಲ. ಎತ್ತಿ ಓದಲು ಕಂದು ಚಷ್ಮಾ ಹಾಕಿಕೊಂಡೆ. ಸರ್ಫರಾಜ್‌ಗೆ ಈ ಮಾತು ತಿಳಿಯಬಾರದು.

ಗಂಟೆ ಹೊಡೆದರು. ಅತ್ತೆ ಬಾಗಿಲಲ್ಲೇ ನಿಂತು ಕರೆಯುತ್ತಿದ್ದಾರೆ. ಬಂದೆನ್ರಿ ಅಂದೆ, ಉಳಿದದ್ದು ಓದಿ ಬಂದ ಮೇಲೆ —