ಮೊದಲ ಪೇಶೆಂಟ್ ಆಗಬೇಕೆಂದಿದ್ದವಳಿಗೆ

ನನ್ನ ಹಟಮಾರಿ ದೊಡ್ಡಮ್ಮನಿಗೆ,

ನನಗೆ ಮದುವೆಯಾಯಿತು! ಇದನ್ನು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಮಿಕ್ಕದ್ದನ್ನು ಬರೆಯಲು ನನ್ನ ಕೈ ಬಿಡುವುದಿಲ್ಲ. ಹಸಿರು ಬಳೆಗಳು ಬರೆಯುವಾಗಲೂ ಗಲಗಲ ಎನ್ನುತ್ತಿವೆ, ಕತ್ತಿನ ಅರಿಶಿನದ ದಾರ ಎಲ್ಲ ರವಿಕೆಗಳಿಗೂ ಬಣ್ಣ ಹತ್ತಿಸಿದೆ. ಶ್ರೀನಿವಾಸಪುರದಲ್ಲಿ ಮನೆ ಮಾಡಿದ್ದೇವೆ, ಹಿತ್ತಲ ಬೇಲಿಯಾಚೆಗೆ ಮಾವಿನ ತೋಪು. ಸಂಜೆ ಮೋಟಾರ್‌ಸೈಕಲ್ಲಿನ ಹಿಂದೆ ಕೂತು ಹೋಗುವಾಗ ಊರವರೆಲ್ಲ ತಿರುಗಿ ನೋಡುತ್ತಾರೆ, ನಾನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತೇನೆ. ಹುಡುಗ ಯಾರು ಅಂತ ಕೇಳುವುದಿಲ್ಲವೇ? ನಿನ್ನ ಎಮ್ಮೆಯ ಡಾಕ್ಟರು, ದೊಡ್ಡಮ್ಮ! ಮೋಹನ್! ಇಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ. ಅದಕ್ಕೇ ಇರಬೇಕು, ನಿನ್ನ ಮೇಲೆ ಇಷ್ಟು ಸಿಟ್ಟೂ ಹಿಂದೆಂದೂ ಬಂದಿರಲಿಲ್ಲ.

ಮುಳಬಾಗಿಲಿನ ನಿಮ್ಮ ಮನೆಯ ಆ ಯುಗಾದಿ ನೆನಪಿದೆಯಾ? ಕಾನ್ವೆಂಟಿನಲ್ಲಿ ಓದಿ ಬಂದ ನಾನು ಕೋಲಾರದಲ್ಲಿ ಡಿಗ್ರಿ ಓದುತ್ತಿದ್ದೆ. ನಿನ್ನ ಒಬ್ಬಳೇ ಮಗಳು ಸುಗುಣ ನಮ್ಮ ಮನೆಯಲ್ಲಿದ್ದುಕೊಂಡು ಪಿಯುಸಿ ಸೈನ್ಸಿಗೆ ಸೇರಿದ್ದಳು. ಹಬ್ಬಕ್ಕೆ ಇಬ್ಬರೂ ಊರಿಗೆ ಬಂದಿದ್ದೆವು. ಎಣ್ಣೆ ನೀರಿನ ದಿನ ನಿನ್ನ ಬೆನ್ನು ಉಜ್ಜಲು ನನ್ನನ್ನು ಬಚ್ಚಲಿಗೆ ಕರೆದೆ. ಉಜ್ಜುತ್ತಿದ್ದ ನನ್ನ ಕೈಯನ್ನು ಹಿಡಿದು ಮುಂದಕ್ಕೆ ಎಳೆದು ಎಡಗಡೆಯ ಎದೆಯ ಮೇಲೆ ಇಟ್ಟೆ.

"ಏನೇ ಕಾನ್ವೆಂಟು, ಇಲ್ ಮುಟ್ ನೋಡು."

"ಏನು ದೊಡ್ಡಮ್ಮ ಇದು? ಕಲ್ಲಿನ ಹಾಗಿದೆ!"

"ಕಿರುಚ್ಬೇಡ್ವೇ. ನೋವಿಲ್ಲ ಏನಿಲ್ಲ. ಅವರೆಕಾಳಷ್ಟಿದೆ."

"ಡಾಕ್ಟರಿಗೆ ತೋರಿಸೋಣ."

"ಯಾವನ ಮುಂದೆ ಹೋಗಿ ರವಿಕೆ ಬಿಚ್ಲಿ? ನಿಮ್ ದೊಡ್ಡಪ್ಪನೇ ಇದುವರ್ಗೂ ಬೆಳಕಲ್ಲಿ ನೋಡಿಲ್ಲ. ನನ್ ಮಗ್ಳು ಡಾಕ್ಟ್ರಾಗ್ತಾಳಲ್ಲ, ಅವ್ಳ್ಗೆ ತೋರಿಸ್ತೀನಿ. ಮೊದಲ್ನೇ ಪೇಶೆಂಟು ನಾನೇ."

ಎಷ್ಟು ಖುಷಿಯಾಗಿ ಹೇಳಿದೆ! ಮಗಳ ಮದುವೆಗೆಂದು ಸೀರೆ ಎತ್ತಿಡುವ ಹೆಂಗಸರ ಹಾಗೆ. ಆಮೇಲೆ ನನ್ನ ಒದ್ದೆ ಕೈ ಹಿಡಿದು ಸುಗುಣಳ ತಲೆಯ ಮೇಲೆ ಆಣೆ ಹಾಕಿಸಿಕೊಂಡೆ. ಅವಳಿಗೆ ಗೊತ್ತಾಗಬಾರದು, ಗೊತ್ತಾದರೆ ಓದು ಕೆಡುತ್ತದೆ. ಅವಳ ಓದಿನ ಮೇಲೆ ನಿನ್ನ ಜೀವ ನಿಂತಿದೆ ಎನ್ನುವುದು ಅವಳೊಬ್ಬಳಿಗೆ ಗೊತ್ತಾಗಬಾರದು, ನನಗೆ ಮಾತ್ರ ಗೊತ್ತಿರಬೇಕು. ಅದು ಯಾವ ನ್ಯಾಯ, ದೊಡ್ಡಮ್ಮ?

ಅದಾದ ಕೆಲವೇ ದಿನಕ್ಕೆ, ನಾನಿನ್ನೂ ಅಲ್ಲಿದ್ದಾಗಲೇ, ನಿನ್ನ ಎಮ್ಮೆಗೆ ಕೆಚ್ಚಲು ಬಾವು ಬಂತು. ಬೆಳಿಗ್ಗೆ ಹಾಲು ಕರೆಯಲು ಕೂತವಳು, ಒಂದು ಕಡೆ ಗಟ್ಟಿಯಾಗಿದೆ ಎಂದು ಎದ್ದುಬಂದು, ಕಾಫಿಯನ್ನೂ ಕುಡಿಯಲು ಬಿಡದೆ ದೊಡ್ಡಪ್ಪನನ್ನು ದನದ ಆಸ್ಪತ್ರೆಗೆ ಅಟ್ಟಿದೆ. ಮೋಹನ್ ಬಂದರು. ಆಗಿನ್ನೂ ಕೆಲಸಕ್ಕೆ ಸೇರಿದ ಹೊಸತು, ಪ್ಯಾಂಟು ಮಡಚಿಕೊಂಡು ಸಗಣಿಯಲ್ಲೇ ಕುಕ್ಕರುಗಾಲಲ್ಲಿ ಕೂತು ಕೆಚ್ಚಲನ್ನು ಎಷ್ಟು ಮೆತ್ತಗೆ ಒತ್ತಿ ನೋಡಿದರು! ನಾನು ಕೈತೊಳೆಯಲು ನೀರು ಹಾಕಿದೆ. ಚೊಂಬಿನ ನೀರೆಲ್ಲ ಅವರ ಶರ್ಟಿನ ಮೇಲೆ ಚೆಲ್ಲಿದ್ದನ್ನು ಈಗಲೂ ಹೇಳಿ ನಗುತ್ತಾರೆ.

"ಬೇಗ ಕರೆಸಿದ್ರಿ ಅಮ್ಮ," ಎಂದರು. "ಇನ್ನೆರಡು ದಿನ ಬಿಟ್ಟಿದ್ರೆ ಕೆಚ್ಚಲೇ ಹೋಗ್ತಿತ್ತು."

"ಬಾಯಿಲ್ದಿರೋ ಪ್ರಾಣಿ ಅಲ್ವೇನಪ್ಪಾ, ನಾವೇ ನೋಡ್ಕೋಬೇಕು," ಎಂದೆ ನೀನು.

ನಾನು ಖಾಲಿ ಚೊಂಬು ಹಿಡಿದು ನಿನ್ನ ಮುಖ ನೋಡಿದೆ. ನೀನು ನನ್ನ ಕಡೆ ನೋಡಲಿಲ್ಲ. ಬಾಯಿ ಇದ್ದ ನೀನು ಹೋದೆ. ಆ ಎಮ್ಮೆ ಮೊನ್ನೆ ಇನ್ನೊಂದು ಕರು ಹಾಕಿತು.

ಆಣೆಯನ್ನು ನಾನು ಮುರಿದೆ. ಕೋಲಾರಕ್ಕೆ ಹೋದ ದಿನವೇ ಅಮ್ಮನಿಗೆ ಹೇಳಿದೆ. ಅಮ್ಮ ಅಕ್ಕಾ ಅಕ್ಕಾ ಎಂದು ಅಳುತ್ತಾ ಬಸ್ಸು ಹತ್ತಿ ನಿನ್ನ ಹತ್ತಿರ ಓಡಿಬಂದಳು. ನೀನು ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಾ ನಕ್ಕೆಯಂತೆ: "ಆ ಕಾನ್ವೆಂಟ್ ಮಾತು ಕಟ್ಕೊಂಡ್ ಬಂದ್ಯಾ? ಇಂಗ್ಲೀಷ್ ಪುಸ್ತಕ ಓದೀ ಓದೀ ಅವ್ಳಿಗೆ ಇಲ್ದಿದ್ದೆಲ್ಲ ಕಾಣ್ತದೆ. ಬೆವರುಸಾಲೆ ಕಣೇ." ಅಮ್ಮ ನಂಬಿದಳು. ಅಮ್ಮನಿಗೆ ನಂಬಬೇಕಾಗಿತ್ತು, ಅಷ್ಟೇ. ಆಮೇಲೆ ನೀನು ಗೌರಿ ಹಬ್ಬದವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಒಂದು ಸಲ ಮಾತ್ರ ನಿನ್ನನ್ನು ಕ್ಲಿನಿಕ್ಕಿನ ಬಾಗಿಲವರೆಗೆ ಎಳೆದುಕೊಂಡು ಹೋಗಿದ್ದೆ. ಎಷ್ಟು ದಿನ ಕಾಡಿ ಬೇಡಿದ್ದೆ ಗೊತ್ತಾ? ನಿನ್ನ ಮನೆಯ ರೇಷ್ಮೆಹುಳು ಸೊಪ್ಪು ಬಿಟ್ಟು ಪೊರೆ ಕಳಚಲು ಮಲಗಿದರೆ ನೀವೆಲ್ಲ ಅದನ್ನು ಜ್ವರ ಅನ್ನುತ್ತಿದ್ದಿರಿ. ನಾನು ಕರೆದಾಗಲೆಲ್ಲ ಅದೇ ಉತ್ತರ: "ಹುಳ ನಾಲ್ಕ್ನೇ ಜ್ವರದಲ್ಲಿದೆ ಕಣೇ, ಬಿಟ್ ಹೆಂಗ್ ಬರ್ಲಿ?" ಕೊನೆಗೂ ಬಂದೆ. ಕೋಲಾರದ ಲೇಡಿ ಡಾಕ್ಟರ ಕೋಣೆಯ ಪರದೆ ಸರಿಸಿದರೆ ಅವತ್ತು ಅವರ ಕುರ್ಚಿಯಲ್ಲಿ ಅವರ ಗಂಡ ಕೂತಿದ್ದರು. ಅವರೂ ಡಾಕ್ಟರೇ, ಪಾಪ, "ಬನ್ನಿ ಅಮ್ಮ" ಎಂದರು. ನೀನು ಸೆರಗು ಎಳೆದುಕೊಂಡು ಹೊರಗೆ ಬಂದವಳೇ ಬೀದಿಯಲ್ಲಿ ನಿಂತು ನಕ್ಕೆ. "ನಿಮ್ ಕೋಲಾರದಾಗೆ ಲೇಡಿ ಡಾಕ್ಟ್ರಿಗೆ ಮೀಸೆ ಇರ್ತದೇನೇ?" ನನಗೂ ನಗು ಬಂತು. ಅದೇ ನಿನ್ನ ಬುದ್ಧಿವಂತಿಕೆ. ಜಗಳಕ್ಕೆ ನಿಂತವರನ್ನು ನಗಿಸಿ ಗೆದ್ದುಬಿಡುತ್ತಿದ್ದೆ. ಮಧ್ಯಾಹ್ನದ ಬಸ್ಸಿಗೇ ಹೊರಟುಹೋದೆ.

ಹಾಗಾದ ಮೇಲೆ ನನಗೆ ಉಳಿದ ದಾರಿ ಒಂದೇ. ಸುಗುಣಳನ್ನು ಡಾಕ್ಟರ್ ಮಾಡುವುದು, ಅದೂ ಬೇಗ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದ ಹುಡುಗಿ, ಫಿಸಿಕ್ಸ್ ಪುಸ್ತಕ ತೆರೆದರೆ ಕಣ್ಣಲ್ಲಿ ನೀರು. ಅವಳಿಗೆ ಇಷ್ಟವಿದ್ದದ್ದು ಚಿತ್ರ ಬರೆಯುವುದು. ಕಪ್ಪೆಯ ಕರುಳನ್ನು ಎಷ್ಟು ಚೆಂದ ಬರೆಯುತ್ತಿದ್ದಳು! ಕೊಯ್ಯುವಾಗ ಮಾತ್ರ ಕತ್ತರಿಯನ್ನು ಪಕ್ಕದವಳಿಗೆ ಕೊಟ್ಟುಬಿಡುತ್ತಿದ್ದಳು. ಡ್ರಾಯಿಂಗ್ ಟೀಚರ್ ಆಗುತ್ತೇನೆ ಅಕ್ಕ ಎನ್ನುತ್ತಿದ್ದಳು. ನಾನು ಅವಳ ಪೆನ್ಸಿಲ್ ಕಿತ್ತುಕೊಂಡು, ಮುಂದೆ ಕೂರಿಸಿಕೊಂಡು, ಒಂದೊಂದೇ ಸಾಲು ಇಂಗ್ಲೀಷಿನಿಂದ ಕನ್ನಡಕ್ಕೆ ಬಿಡಿಸಿ ಹೇಳಿ, ಮತ್ತೆ ಇಂಗ್ಲೀಷಿನಲ್ಲೇ ಒಪ್ಪಿಸಿಕೊಳ್ಳುತ್ತಿದ್ದೆ. ತಪ್ಪಿದರೆ ಕಿರುಚುತ್ತಿದ್ದೆ. "ನಿಂಗ್ಯಾಕಕ್ಕ ಇಷ್ಟ್ ಅವಸರ?" ಎಂದು ಕೇಳುತ್ತಿದ್ದಳು. ಏನು ಹೇಳಲಿ? ಅವರೆಕಾಳು ಅಷ್ಟರಲ್ಲಿ ನಿಂಬೆಕಾಯಿ ಆಗಿದೆ ಅಂತಲೇ?

ಮೆಡಿಕಲ್ ಸೀಟಿನ ಇಂಟರ್‌ವ್ಯೂಗೆ ನಾವು ಮಾಡಿದ ತಯಾರಿ ನೆನಪಾದರೆ ಈಗಲೂ ನಗು ಬರುತ್ತದೆ. ದೊಡ್ಡಪ್ಪನ ಕನ್ನಡಕ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ, ನೀನೇ ದೊಡ್ಡ ಡಾಕ್ಟರ ಹಾಗೆ ಮಂಚದ ಮೇಲೆ ಕೂತೆ.

"ಏಮ್ಮಾ, ನಿಂಗ್ಯಾಕಮ್ಮ ಡಾಕ್ಟ್ರು ಕೆಲ್ಸ?"

ಸುಗುಣ ನಾನು ಕಲಿಸಿದ ಇಂಗ್ಲೀಷನ್ನು ಒಂದೇ ಉಸಿರಿಗೆ ಒಪ್ಪಿಸಿದಳು.

"ಏನಂದ್ಳೇ ಕಾನ್ವೆಂಟು?"

"ಹಳ್ಳಿಯ ಬಡವರ ಸೇವೆ ಮಾಡ್ತಾಳಂತೆ."

"ಬಡವ್ರು ಆಮೇಲೆ. ಮೊದ್ಲು ಮನೇವ್ರು," ಎಂದು ಕನ್ನಡಕದ ಮೇಲಿಂದ ನನ್ನನ್ನು ನೋಡಿದೆ. ಸುಗುಣ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ.

ಆ ವರ್ಷ ಸೀಟು ಸಿಗಲಿಲ್ಲ. ಅಂಕ ಸಾಲಲಿಲ್ಲ. ಸುಗುಣಳಿಗೆ ಒಳಗೊಳಗೇ ಹಾಯೆನಿಸಿತ್ತು, ಮುಖದಲ್ಲೇ ಕಾಣುತ್ತಿತ್ತು. ಇನ್ನೊಂದು ಸಲ ಪರೀಕ್ಷೆಗೆ ಕೂರು ಎಂದು ನೀನು ಹಟ ಹಿಡಿದೆ, ಆಗುವುದಿಲ್ಲ ಎಂದು ಅವಳು. ನೀನು ಅವಳ ಬಣ್ಣದ ಪೆಟ್ಟಿಗೆಯನ್ನು ಒಲೆಗೆ ಹಾಕಿದೆ. ಅವಳ ಕಣ್ಣೆದುರಿಗೇ, ದೊಡ್ಡಮ್ಮ. ಆಮೇಲೆ ಹೇಳಿದೆ, "ನೀನ್ ಡಾಕ್ಟ್ರಾಗ್ಲಿಲ್ಲ ಅಂದ್ರೆ ನಾನ್ ಸಾಯ್ತೀನಿ."

ಎಲ್ಲ ತಾಯಂದಿರೂ ಅನ್ನುವ ಮಾತು ಅದು. ಅವಳೂ ಹಾಗೇ ತಿಳಿದುಕೊಂಡಳು.

"ಸತ್ರೆ ಸಾಯಿ, ಹೋಗು!"

ದೊಡ್ಡಪ್ಪ ಕೈ ಎತ್ತಿಕೊಂಡು ಎದ್ದ. ನೀನು ತಡೆದೆ. ತಡೆದು, ನಕ್ಕೆ. ಆ ನಗು ನೋಡಿ ಅವಳಿಗೆ ಏನನ್ನಿಸಿತೋ, ಮಾರನೆಯ ದಿನ ತಾನಾಗಿಯೇ ಕೆಮಿಸ್ಟ್ರಿ ಪುಸ್ತಕ ಹಿಡಿದುಕೊಂಡು ಕೂತಳು. ಆ ವರ್ಷ ಪೂರ್ತಿ ಅವಳು ಓದಿದ ಹಾಗೆ ಯಾರೂ ಓದಿರಲಾರರು. ನೀನು ಮಾತ್ರ ಎಡಗೈ ಮೇಲಕ್ಕೆತ್ತಲಾರದೆ, ಬಲಗೈಯಲ್ಲೇ ಜಡೆ ಹಾಕಿಕೊಳ್ಳಲು ಕಲಿಯುತ್ತಿದ್ದೆ.

ಸೀಟು ಸಿಕ್ಕಿದ ದಿನ! ನಾನು ಕೋಲಾರದಿಂದ ನಿಮ್ಮೂರಿನವರೆಗೂ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ, ಕೂರಲು ಆಗಲೇ ಇಲ್ಲ. ನೀನು ಬೀದಿಯವರಿಗೆಲ್ಲ ಸಕ್ಕರೆ ಹಂಚಿದೆ. ಆಮೇಲೆ ನನ್ನನ್ನು ಹುಳು ಸಾಕುವ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ.

"ಸರಿ, ಈಗ ಹೇಳು. ಇವ್ಳು ಯಾವತ್ತಿಂದ ನೋಡ್ಬೋದು?"

"ಏನನ್ನು?"

"ನನ್ನ. ದೀಪಾವಳಿಗ್ ಬರೋಷ್ಟ್ರಲ್ಲಿ ಕಲ್ತಿರ್ತಾಳಾ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ದೊಡ್ಡಮ್ಮ, ಐದೂವರೆ ವರ್ಷ ಓದಬೇಕು."

ನೀನು ನನ್ನ ಮುಖವನ್ನೇ ನೋಡಿದೆ. ತಟ್ಟೆಗಳ ತುಂಬ ಹುಳುಗಳು ಸೊಪ್ಪು ಮೇಯುವ ಸದ್ದು. "ಸೀಟ್ ಸಿಕ್ರೆ ಡಾಕ್ಟ್ರು ಅಂದ್ಕೊಂಡಿದ್ನಲ್ಲೇ," ಎಂದೆ.

ಇಷ್ಟು ದಿನ ಯಾರನ್ನೂ ಕೇಳಬೇಕು ಅನ್ನಿಸಲಿಲ್ಲವೇ? ಅಥವಾ ಕೇಳಲು ಹೆದರಿಕೆಯಾಗಿತ್ತೇ? ನಿನ್ನ ಕೈ ಹಿಡಿದು ಅಳುತ್ತಾ, ನಾಳೆಯೇ ಬೆಂಗಳೂರಿಗೆ ಹೋಗೋಣ, ಯಾರಾದರೂ ಹೆಂಗಸು ಡಾಕ್ಟರನ್ನೇ ಹುಡುಕುತ್ತೇನೆ ಎಂದೆ. "ಇಷ್ಟ್ ದಿನ ಕಾದಿದ್ದು ಯಾವಳೋ ಒಬ್ಳಿಗ್ ತೋರ್ಸಕ್ಕಾ?" ಎಂದು ಎದ್ದುಹೋದೆ. ಯಾರಿಗೆ ಸಾಧಿಸಿ ತೋರಿಸಿದೆ, ದೊಡ್ಡಮ್ಮ?

ದೀಪಾವಳಿಗೆ ಸುಗುಣ ಬಂದಾಗ ನಿನ್ನ ಕಣ್ಣು ಹಳದಿಯಾಗಿತ್ತು. ಬರೀ ಕಾಮಾಲೆ ಎಂದು ನಮ್ಮೆಲ್ಲರಿಂದ ಅವಳಿಗೆ ಹೇಳಿಸಿದೆ. ಅವಳು ಇನ್ನೂ ಮೂಳೆಗಳ ಹೆಸರು ಕಲಿಯುತ್ತಿದ್ದಳು. ನಿನ್ನ ತೋಳು ಹಿಡಿದು ಒಂದೊಂದೇ ಮೂಳೆಯ ಹೆಸರು ಹೇಳಿದಳು, ನೀನು ಪಾಠ ಕೇಳುವ ಮಗುವಿನ ಹಾಗೆ ಅವಳ ಬಾಯಿಯನ್ನೇ ನೋಡುತ್ತಿದ್ದೆ. ಅವಳ ಬೆರಳು ಹೆಗಲಿನ ಹತ್ತಿರ ಬಂದಾಗ ಸೆರಗು ಸರಿಮಾಡಿಕೊಂಡೆ. ಸಂಕ್ರಾಂತಿಗೆ ಅವಳು ಬರುವಷ್ಟರಲ್ಲಿ ನೀನು ಇರಲಿಲ್ಲ. ಓದು ಮುಗಿಯುವವರೆಗೂ ಅವಳಿಗೆ ಹೇಳಕೂಡದು ಎಂದು, ಕೊನೆಗೆ ವಿಷಯ ತಿಳಿದ ಅಮ್ಮನಿಂದಲೂ ದೊಡ್ಡಪ್ಪನಿಂದಲೂ ಮಾತು ತೆಗೆದುಕೊಂಡೇ ಹೋಗಿದ್ದೆ.

ಈಗ ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಹೋದ ವಾರ ಸುಗುಣ ರಜಕ್ಕೆಂದು ನಮ್ಮ ಮನೆಗೆ ಬಂದಳು. ಎಷ್ಟು ಚೆಂದ ಆಗಿದ್ದಾಳೆ! ಮೂರನೇ ವರ್ಷ, ವಾರ್ಡಿಗೆ ಹೋಗುತ್ತಾಳೆ, ಕತ್ತಿನಲ್ಲಿ ಸ್ಟೆತಾಸ್ಕೋಪು. ಮೋಹನ್ ಅದನ್ನು ಕೇಳಿ ಪಡೆದು ಪಕ್ಕದ ಮನೆಯ ಕರುವಿನ ಹೊಟ್ಟೆಗೆ ಹಿಡಿದರು, ಅವಳು ಭಾವನ ಜೊತೆ ಚೆನ್ನಾಗಿ ಜಗಳವಾಡಿದಳು. ಅವರು ಕೆಲಸಕ್ಕೆ ಹೋದ ಮೇಲೆ ನನ್ನ ಹತ್ತಿರ ಬಂದು, "ಅಕ್ಕ, ಮಲ್ಕೋ. ಎದೆ ಪರೀಕ್ಷೆ ಮಾಡೋದು ಕಲಿಸ್ತಿದಾರೆ, ಪ್ರಾಕ್ಟೀಸ್ ಮಾಡ್ಬೇಕು. ಆಸ್ಪತ್ರೇಲಿ ಹೆಂಗಸ್ರು ನಾಚ್ಕೊಂಡು ಸಾಯ್ತಾರೆ," ಎಂದಳು.

ನಾನು ನಗುತ್ತಲೇ ಮಲಗಿದೆ. ಅವಳು ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು, ಮೂರು ಬೆರಳು ಜೋಡಿಸಿ, ಸುತ್ತಲೂ ಮೆಲ್ಲಗೆ ಒತ್ತುತ್ತಾ ಬಂದಳು. ಏನು ಕೈ, ದೊಡ್ಡಮ್ಮ! ನೋವಿಲ್ಲ, ನಾಚಿಕೆಯಿಲ್ಲ. ನೀನು ಕಾದಿದ್ದ ಕೈ ನನ್ನ ಮೈಮೇಲೆ ಇತ್ತು. ನನಗೆ ಅಳು ತಡೆಯಲಾಗಲಿಲ್ಲ. ಅಲ್ಲೇ, ಮಲಗಿದಲ್ಲೇ, ಬಚ್ಚಲಿನಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಅಳಲಿಲ್ಲ. ಕೈ ತೆಗೆದು ಮಡಿಲಲ್ಲಿಟ್ಟುಕೊಂಡು ಕೇಳಿದಳು.

"ಮೊದಲ್ನೇ ಸಲ ಮುಟ್ಟಿದಾಗ ಅಲ್ಲಾಡ್ತಿತ್ತಾ?"

"ಅಲ್ಲಾಡ್ತಿತ್ತು."

"ಕಂಕುಳಲ್ಲಿ ಏನಾದ್ರೂ?"

"ಆಗ ಇರಲಿಲ್ಲ."

"ಆಗ್ಲೇ ತೆಗೆಸಿದ್ರೆ ಉಳೀತಿದ್ಳು ಅಕ್ಕ. ಬಹುಶಃ ಉಳೀತಿದ್ಳು." ಗೋಡೆ ನೋಡುತ್ತಾ ಕೂತಳು. "ಅವತ್ತು ನಾನು ಸಾಯಿ ಹೋಗು ಅಂದಾಗ..." ಅಲ್ಲಿಗೇ ನಿಲ್ಲಿಸಿದಳು.

ನಿನ್ನ ಮೇಲೆ ನನಗೆ ಸಿಟ್ಟು ಯಾಕೆಂದು ಕೇಳುತ್ತೀಯಲ್ಲ, ಆ ಅರ್ಧ ವಾಕ್ಯಕ್ಕೆ.

ನಿನ್ನೆ ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಓದು ಬಿಟ್ಟುಬಿಡುತ್ತಾಳೋ ಎಂದು ನನಗೆ ಪ್ರಾಣವೇ ಬಾಯಿಗೆ ಬಂದಿತ್ತು. ಕೇಳಿಯೂಬಿಟ್ಟೆ.

"ಬಿಡಲ್ಲ ಅಕ್ಕ. ಇನ್ನೇನ್ ಮಾಡಕ್ ಬರ್ತದೆ ನಂಗೆ?" ಎಂದಳು. ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು, ಹೊರಡುವ ಹೊತ್ತಿಗೆ ಬಗ್ಗಿ ಹೇಳಿದಳು: "ಎಲ್ಲಾರ್ ಹತ್ರಾನೂ ಹೇಳ್ಕೊಂಡಿದ್ದೆ, ನಮ್ಮಮ್ಮ ಓದ್ದೇ ಇದ್ರೂ ನನಗೋಸ್ಕರ ಅಷ್ಟ್ ಕಷ್ಟಪಟ್ಟು ಓದಿಸಿದ್ಳು ಅಂತ. ಇನ್ಮೇಲೆ ಏನಂತ ಹೇಳ್ಲಿ?"

ಬಸ್ಸು ಹೊರಟಿತು. ಅವಳ ಪ್ರಶ್ನೆಯನ್ನು ಹಾಗೇ ನಿನಗೆ ಬರೆದಿದ್ದೇನೆ, ದೊಡ್ಡಮ್ಮ. ಅದಕ್ಕೆ ಉತ್ತರ ಹೇಳಬೇಕಾದವಳು ನೀನು.

ನಿನ್ನ,
ಕಾನ್ವೆಂಟು