ಕೂರೋಕೆ ಕೋಲು ಯಾಕೆ?

ಮಾರ್ಚ್ ೯, ಭಾನುವಾರ
ಕೋಲಿನ ಕಾರ್ಖಾನೆ, ಹಿಂಬದಿ ಕೋಣೆ

ಮದುವಣಗಿತ್ತಿ ಅಕ್ಕನವರ ದಿವ್ಯ ಸನ್ನಿಧಾನಕ್ಕೆ,

ಕುಂಟು ತಮ್ಮನ ದೀರ್ಘದಂಡ ನಮಸ್ಕಾರ. ದಂಡ ಮಾತ್ರ ಕೈಯಲ್ಲೇ ಇದೆ.

ಉತ್ತರ ತಡವಾಯಿತು, ಕ್ಷಮಿಸು. ಮದುವೆಯ ದಿನ ಮನೆಮಂದಿಯ ಫೋಟೋಗೆ ನಾನು ಎಲ್ಲರಿಗಿಂತ ಮೊದಲೇ ಕುರ್ಚಿಯಲ್ಲಿ ಕೂತುಬಿಡಬೇಕು, ಊರುಗೋಲನ್ನು ಬಾಗಿಲ ಹಿಂದೆ ಇಟ್ಟುಬಿಡಬೇಕು ಎಂಬ ನಿನ್ನ ಆಜ್ಞೆಯನ್ನು ಇಷ್ಟು ದಿನ ತಲೆಯ ಮೇಲೆ ಹೊತ್ತುಕೊಂಡಿದ್ದೆ. ಭಾರವಾಯಿತು, ಇಳಿಸಿದೆ. ಈಗ ಬರೆಯಲು ಕೂತಿದ್ದೇನೆ.

ಕಾಲು ಸೋತವರಿಗೆ ನಾವಿಲ್ಲಿ ಕೈಯಾರೆ ಕೋಲು ಮಾಡಿ ಪುಕ್ಕಟೆ ಕೊಡುವುದು ನಿನಗೆ ಗೊತ್ತಲ್ಲ. ಮೇಸ್ತ್ರಿಯ ಕಟ್ಟುಪಾಡು ಒಂದೇ: ಕೋಲು ಹಿಡಿಯುವವರು ದಿನಾ ಹಾಕುವ ಚಪ್ಪಲಿ ಮೆಟ್ಟಿಕೊಂಡೇ ಬಂದು ನಿಲ್ಲಬೇಕು; ಇಳಿಬಿಟ್ಟ ಕೈಯ ಮಣಿಕಟ್ಟು ಎಲ್ಲಿಗೆ ಬರುತ್ತದೋ ಅಲ್ಲಿಗೇ ಗರಗಸ. ಈ ಸಲ ದಾನದ ಸಮಾರಂಭ ಏರ್ಪಡಿಸಿದ ಸಂಘದ ಕಾರ್ಯದರ್ಶಿ ಬಂದು, "ಎಲ್ಲಾ ಒಂದೇ ಎತ್ತರ ಮಾಡ್ಬಿಡ್ರಪ್ಪ, ಫೋಟೋದಲ್ಲಿ ಸಾಲು ನೀಟಾಗಿ ಬರುತ್ತೆ" ಅಂದರು.

ನಾನು ಭಕ್ತಿಯಿಂದ ಕೈಮುಗಿದೆ. "ಆಗ್ಲಿ ಸಾರ್. ಮೊದ್ಲು ಜನಾನ ಒಂದೇ ಎತ್ತರಕ್ಕೆ ಕೊಯ್ದು ಕಳ್ಸಿ. ಕೋಲು ಕೊಯ್ಯೋದು ನಮ್ಗೆ ಬಿಡಿ."

ಮೇಸ್ತ್ರಿ ಜೋರಾಗಿ ಕೆಮ್ಮಿದರು. ಅದು ಕೆಮ್ಮಲ್ಲ, ನಗು. ಕೋಲುಗಳು ಅವರವರ ಅಳತೆಗೇ ತಯಾರಾದವು.

ನಿನ್ನೆ ಹಂಚಿದೆವು. ಫೋಟೋ ಹೊತ್ತಿಗೆ ಕಾರ್ಯದರ್ಶಿ ಮತ್ತೆ ಶುರುಮಾಡಿದರು: "ಕೋಲಿನವರೆಲ್ಲ ಮುಂದೆ ಕುರ್ಚಿಲಿ ಕೂತ್ಕೊಳ್ಳಿ, ಪಾಪ. ನಾವು ಹಿಂದೆ ನಿಲ್ತೀವಿ."

ಕೋಲು ಪಡೆದವರಲ್ಲಿ ಒಬ್ಬರು ಟೈಲರಜ್ಜಿ, ತಮ್ಮ ಕೋಲಿಗೆ ಮೆಣಸಿನಕಾಯಿ ಕೆಂಪು ಬಳಿಸಿಕೊಂಡವರು, ಕದಲಲಿಲ್ಲ. "ಕೂರೋಕೆ ಕೋಲು ಯಾಕಪ್ಪಾ? ನಿಲ್ಲೋಕೆ ಅಂತ ತಾನೆ ಇಸ್ಕೊಂಡಿದ್ದು! ನಿಂಗೆ ಕಾಲು ನೋವಾದ್ರೆ ನೀನೇ ಕೂತ್ಕೋ."

ಇಂಥ ಹೊತ್ತಿನಲ್ಲಿ ನಿನ್ನ ತಮ್ಮ ಸುಮ್ಮನಿರುತ್ತಾನೆಯೇ? "ದಾನಿಗಳಿಗೆ ಆಸನ!" ಎಂದು ಕೂಗಿ, ಕುರ್ಚಿಯನ್ನು ಕಾರ್ಯದರ್ಶಿಯ ಮಂಡಿಗೆ ಹಿಂದಿನಿಂದ ತಾಗಿಸಿದೆ. ಅವರು ದೊಪ್ಪನೆ ಕೂತರು. ಉಳಿದ ಪದಾಧಿಕಾರಿಗಳೂ ಏನೋ ಶಾಸ್ತ್ರವಿರಬೇಕು ಎಂದುಕೊಂಡು ಸಾಲಾಗಿ ಕೂತರು. ಫೋಟೋದಲ್ಲಿ ಅವರೆಲ್ಲ ಆಸ್ಪತ್ರೆಯಲ್ಲಿ ಸರದಿ ಕಾಯುವವರಂತಿದ್ದಾರೆ. ಹಿಂದೆ ನಮ್ಮವರು, ಎತ್ತರ ತಗ್ಗಾಗಿ, ಮುರುಕು ಮೆಟ್ಟಿಲಿನಂತೆ, ನಿಂತಿದ್ದಾರೆ. ಅಷ್ಟು ಚೆಂದದ ಫೋಟೋ ನಾನು ನೋಡಿಲ್ಲ. ಒಂದು ಪ್ರತಿ ಇದರೊಳಗಿದೆ.

ಆದ್ದರಿಂದ ನನ್ನ ಉತ್ತರ ಕೇಳುವಂಥವಳಾಗು: ಮದುವೆಗೆ ಬರುತ್ತೇನೆ. ಗಿಳಿಹಸಿರು ಬಳಿದ ಹೊಸ ಕೋಲು ಹಿಡಿದು ನಿನ್ನ ಪಕ್ಕದಲ್ಲಿ ನಿಲ್ಲುತ್ತೇನೆ. ಬಾಗಿಲ ಹಿಂದೆ ಏನಾದರೂ ಇಡಲೇಬೇಕೆಂದಿದ್ದರೆ ಆ ಕುರ್ಚಿ ಇಡಿಸು.

ಚಿಕ್ಕವರು ಹರಸಬಾರದಂತೆ. ಆದರೂ ಹರಸುತ್ತೇನೆ: ಭಾವನ ಜೊತೆ ಸುಖವಾಗಿರು, ಯಾರಿಗೂ ಹೆದರದೆ ಇರು.

ನಿನ್ನ ಆಜ್ಞೆ ಮೀರಿದ
ತಮ್ಮ

ಮರೆತ ಮಾತು: ಕಾರ್ಯದರ್ಶಿಯ ಮಾತು ನನಗೆ ನಾಟಲಿಲ್ಲ, ಅವರು ಯಾರೋ. ಆದರೆ ಚಿಕ್ಕಂದಿನಲ್ಲಿ ಬೀದಿಯ ಹುಡುಗರು ನನ್ನನ್ನು "ಕೊಕ್ಕರೆ, ಕೊಕ್ಕರೆ" ಎಂದು ಅಣಕಿಸಿದಾಗ, ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡು ಅವರನ್ನು ಮೂಲೆಯಂಗಡಿಯವರೆಗೆ ಅಟ್ಟಿಸಿಕೊಂಡು ಹೋದ ಅಕ್ಕ ಒಬ್ಬಳು ನನಗಿದ್ದಳು. ಮದುವೆಗೆ ಅವಳೂ ಬರುತ್ತಾಳಾ? ಅವಳ ವಿಳಾಸ ಗೊತ್ತಿದ್ದರೆ ತಿಳಿಸು.